ಉಪ್ಸಾರಿನ ಡಬ್ಬಿ

ಸತ್ತೇಗಾಲ
೧೮-೮-೨೦೨೫

ಕೊಳ್ಳೇಗಾಲದ ಹಳೆ ಪುಸ್ತಕದಂಗಡಿಯ ಕೇತಮ್ಮನಿಗೆ,

ನಿನ್ನ ಕ್ಷೇಮ ಕೇಳಲು ಬರೆದ ಕಾಗದವಲ್ಲ ಇದು. ನಾನು ಸತ್ತೇಗಾಲದ ದಿವಂಗತ ಪುಟ್ಟಬಸಪ್ಪನವರ ಹೆಂಡತಿ ಪುಟ್ಟಮಲ್ಲಮ್ಮ, ದೀಪಶ್ರೀಯ ತಾಯಿ. ಫೋನ್ ನಂಬರ್ ಹುಡುಕಿ ಮಾತಾಡಬಹುದಿತ್ತು. ಆದರೆ ಫೋನಿನಲ್ಲಿ ಆಡಿದ್ದನ್ನು ಆಡಲೇ ಇಲ್ಲ ಎನ್ನಬಹುದು, ಬರೆದದ್ದನ್ನು ಹಾಗೆನ್ನಲು ಬರುವುದಿಲ್ಲ. ನಾನು ಯಳಂದೂರು ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ ಪಾಸು ಮಾಡಿದವಳು. ಬರೆಯಲು ಇನ್ನೊಬ್ಬರನ್ನು ಕೇಳಬೇಕಾಗಿಲ್ಲ.

ನಮ್ಮೂರಿನ ಮಾದಣ್ಣ ವಾರಕ್ಕೊಮ್ಮೆ ತೆಂಗಿನಕಾಯಿ ತೆಗೆದುಕೊಂಡು ಕೊಳ್ಳೇಗಾಲಕ್ಕೆ ಬರುತ್ತಾನೆ. ಹೋದ ವಾರ ಬಂದವನು ಜಗುಲಿಯ ಮೇಲೆ ಕೂತು, "ಅವ್ವಾ, ನಿಮ್ ಮಗ್ಳು ಚೆಂದಾಗವ್ರೆ ಕಣ್ರವ್ವಾ. ಆ ಪುಸ್ತಕದಂಗ್ಡೀಲಿ ಕೂತ್ಕಂಡು ಮುದ್ದೆ ಉಣ್ತಾವ್ರೆ, ನಗ್ತಾವ್ರೆ" ಎಂದ. ಉಂಡಳು ಎಂದದ್ದನ್ನಾದರೂ ತಡೆದುಕೊಂಡೇನು. ಯಾರ ಜೊತೆ ಕೂತು ನಗುತ್ತಿದ್ದಾಳೆ ಎಂದು ಕೇಳಿದಾಗ ನಿನ್ನ ಹೆಸರು ಹೇಳಿದ.

ನನ್ನ ಮಗಳಿಗೆ ನಲವತ್ತೊಂದು. ಅವಳ ಮಗಳು ಶೃತಿಗೆ ಹತ್ತೊಂಬತ್ತು, ಮೈಸೂರಿನಲ್ಲಿ ಓದುತ್ತಿದ್ದಾಳೆ. ಇಷ್ಟು ವರ್ಷದ ಮೇಲೆ, ಯಾರೂ ಎಣಿಸದೆ ಇರುವಾಗ ದೀಪಶ್ರೀ ಬಸುರಿಯಾಗಿದ್ದಾಳೆ. ಅದು ನಮ್ಮ ಮನೆಯ ವಿಷಯ. ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಯಲ್ಲಿ ಹರಡಿಕೊಳ್ಳುವ ವಿಷಯವಲ್ಲ. ಅವಳಿಗೆ ತವರಿದೆ, ತವರಿನಲ್ಲಿ ಗದ್ದೆಯಿದೆ, ಕಣಜದಲ್ಲಿ ಭತ್ತವಿದೆ. ಬೆಟ್ಟದ ಜನ ನೀವು ಒಲೆಯ ಮೇಲೆ ಏನಿಡುತ್ತೀರೋ ನನಗೆ ತಿಳಿಯದು. ನಮ್ಮದು ಲಿಂಗ ಕಟ್ಟಿದವರ ಮನೆ. ಇನ್ನು ಮೇಲೆ ಅವಳಿಗೆ ಊಟ ಹಾಕಬೇಡ.

ಪುಟ್ಟಮಲ್ಲಮ್ಮ

&nbsp;

ಕೊಳ್ಳೇಗಾಲ
೨೯-೮-೨೦೨೫

ಅಮ್ಮನವರಿಗೆ ಕೇತಮ್ಮನ ನಮಸ್ಕಾರ.

ನಿಮ್ಮ ಅಕ್ಷರ ಬಹಳ ಚೆನ್ನಾಗಿದೆ. ಬೈದದ್ದೂ ಗುಂಡುಗುಂಡಾಗಿ ಕಾಣುತ್ತದೆ.

ನಾನು ಬಿಳಿಗಿರಿರಂಗನ ಬೆಟ್ಟದ ಮೇಲಿನ ಪೋಡಿನಲ್ಲಿ, ಅಂದರೆ ಕಾಡಿನ ನಮ್ಮವರ ಹಾಡಿಯಲ್ಲಿ ಹುಟ್ಟಿದವಳು. ನನಗೀಗ ಐವತ್ತೆಂಟು. ನನ್ನ ಯಜಮಾನರು ಚಿಕ್ಕಬೊಮ್ಮ ಇಲ್ಲಿ ರದ್ದಿ ಕಾಗದದ ವ್ಯಾಪಾರ ಮಾಡುತ್ತಿದ್ದರು. ತೂಕಕ್ಕೆ ಬಂದ ಪುಸ್ತಕಗಳನ್ನು ಹರಿಯಲು ಮನಸ್ಸಾಗದೆ ಪಕ್ಕಕ್ಕಿಡುತ್ತಿದ್ದರು. ಹಾಗೆ ಇಟ್ಟದ್ದೇ ಅಂಗಡಿಯಾಯಿತು. ಅವರು ಹೋಗಿ ಆರು ವರ್ಷ.

ದೀಪಶ್ರೀ ಜೂನ್ ತಿಂಗಳಲ್ಲಿ ಶೃತಿಯ ಹಳೆಯ ಪುಸ್ತಕಗಳನ್ನು ಮಾರಲು ಬಂದಳು. ಕಟ್ಟು ಬಿಚ್ಚಿದಾಗ ಒಳಗೆ ಮಕ್ಕಳ ಅಕ್ಷರಮಾಲೆಯ ಪುಸ್ತಕವೊಂದಿತ್ತು. "ಅದೊಂದು ವಾಪಸ್ ಕೊಡಿ ಅಕ್ಕ, ಬೇಕಾಗ್‌ಬೌದು" ಎಂದವಳು ಸ್ಟೂಲಿನ ಮೇಲೆ ಕುಸಿದು ಕೂತಳು. ಅಂಗಡಿಯಲ್ಲಿದ್ದ ಲಕ್ಷ್ಮಿದೇವಮ್ಮ ನೀರು ಕುಡಿಸಿದರು. ಅವರು ಹನೂರಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದು ರಿಟೈರಾದವರು. ಪರೀಕ್ಷೆಗೆ ಓದುವ ಚೈತ್ರ ಎಂಬ ಹುಡುಗಿಯೂ ಬರುತ್ತಾಳೆ. ನಾಲ್ಕು ಗಂಟೆಗೆ ಬೀರುವಿನ ಹಿಂದೆ ನಾಲ್ಕೂ ಜನ ಕೂರುತ್ತೇವೆ. ಚೈತ್ರ ಏನಾದರೂ ಓದುತ್ತಾಳೆ, ಉಳಿದವರು ಕೇಳುತ್ತೇವೆ. ನಿಮ್ಮ ಅಳಿಯಂದಿರು ಆಫೀಸಿನಿಂದ ಬರುವುದು ಏಳಕ್ಕೆ. ಶೃತಿ ಅವಮಾನವೆಂದು ಹಾಸ್ಟೆಲಿನಿಂದ ಮನೆಗೇ ಬರುತ್ತಿಲ್ಲ. ಏಳರವರೆಗೆ ಇವಳು ಗೋಡೆ ನೋಡಿಕೊಂಡು ಕೂರಬೇಕೇ?

ಗೌರಿ ಹಬ್ಬದ ದಿನ ಸತ್ತೇಗಾಲದ ಬಸ್ಸು ಬಂದಾಗಲೆಲ್ಲ ಬಾಗಿಲಿಗೆ ಹೋಗಿ ಬಂದಳು. ಬಾಗಿನ ಬರಲಿಲ್ಲ.

ಒಲೆಯ ಮೇಲಿರುವುದು ರಾಗಿ ಮುದ್ದೆ, ಕಾಳು, ಸೊಪ್ಪು. ಅವಳಿಗೆ ಬೇಯಿಸುವ ಪಾತ್ರೆಯನ್ನು ಬೇರೆ ಇಟ್ಟಿದ್ದೇನೆ. ಅವಳು ಇಡು ಎನ್ನಲಿಲ್ಲ, ನಾನೇ ಇಟ್ಟೆ. ಅದೂ ಅವಳಿಗೆ ಹಿಡಿಸುವುದಿಲ್ಲ. ತುತ್ತು ಬಾಯಿಗಿಟ್ಟ ಕೂಡಲೇ, "ಉಪ್ಸಾರು ಚಪ್ಪೆ ಕಣಕ್ಕ, ನಮ್ಮವ್ವ ಹಿಂಗೆ ಮಾಡಕಿಲ್ಲ" ಎನ್ನುತ್ತಾಳೆ. ಆದರೂ ಹಸಿದು ಬಂದವಳನ್ನು ಎಬ್ಬಿಸಿ ಕಳಿಸಲು ನನ್ನಿಂದ ಆಗುವುದಿಲ್ಲ. ಆ ಒಂದು ಮಾತು ಬಿಟ್ಟು ಬೇರೆ ಏನು ಹೇಳಿದರೂ ಕೇಳುತ್ತೇನೆ.

ಕೇತಮ್ಮ

&nbsp;

ಸತ್ತೇಗಾಲ
೫-೯-೨೦೨೫

ಕೇತಮ್ಮನವರಿಗೆ,

ಬಾಗಿನದ ವಿಷಯ ನೀವು ಬರೆಯಬೇಕಾಗಿರಲಿಲ್ಲ. ನಮ್ಮ ಮನೆಯಲ್ಲಿ ಈ ಸಲ ಸೂತಕವಿತ್ತು ಎಂದು ತಿಳಿದುಕೊಳ್ಳಿ.

ಮಾದಣ್ಣನ ಕೈಯಲ್ಲಿ ಸ್ಟೀಲ್ ಡಬ್ಬಿ ಕಳಿಸಿದ್ದೇನೆ. ಮುಚ್ಚಳದ ಮೇಲೆ ನನ್ನ ಹೆಸರು ಕೊರೆಸಿದೆ, ಕಳೆಯಬೇಡಿ. ಒಳಗೆ ಹೆಸರುಕಾಳು, ದಂಟಿನ ಸೊಪ್ಪು ಬೇಯಿಸಿ ಬಸಿದ ಕಟ್ಟು ಇದೆ. ಮೇಲಿನ ಬಟ್ಟಲಿನಲ್ಲಿ ಖಾರ. ಬೆಳ್ಳುಳ್ಳಿಯನ್ನು ಕೆಂಡದಲ್ಲಿ ಸುಟ್ಟು, ಮೆಣಸಿನಕಾಯಿಯನ್ನು ಕಪ್ಪಾಗುವ ತನಕ ಹುರಿದು, ಒರಳಲ್ಲಿ ಅರೆದದ್ದು. ಉಪ್ಪನ್ನು ಕೈ ಹಿಡಿದು ಹಾಕಿಲ್ಲ. ಉಪ್ಪಿಗೆ ಹೆದರುವವರು ಉಪ್ಸಾರು ಮಾಡಬಾರದು.

ಇದು ಅವಳಿಗೆಂದು ಕಳಿಸಿದ್ದಲ್ಲ. ಉಪ್ಸಾರು ಹೇಗಿರಬೇಕೆಂದು ನಿಮಗೆ ತಿಳಿಯಲಿ ಎಂದು. ಮಿಕ್ಕರೆ ಅವಳಿಗೂ ಹಾಕಿ. ನಾನು ಕಳಿಸಿದ್ದೆಂದು ಹೇಳಬೇಡಿ.

ಉಂಡು ಏನೆಂದಳು ಎಂದು ಬರೆಯಿರಿ.

ಪುಟ್ಟಮಲ್ಲಮ್ಮ

&nbsp;

ಕೊಳ್ಳೇಗಾಲ
೨೦-೯-೨೦೨೫

ಅಮ್ಮನವರಿಗೆ,

ಮೂರು ಡಬ್ಬಿಗಳು ಬಂದವು. ಮೂರೂ ತಳ ಕಾಣುವ ತನಕ ಖಾಲಿಯಾದವು. ಅಂಥ ಉಪ್ಸಾರನ್ನು ನಾನು ಹುಟ್ಟಿದಂದಿನಿಂದ ಕಂಡಿಲ್ಲ.

ತವರಿನ ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸಬಾರದು. ನನ್ನ ಮನೆಯ ತಿಂಡಿ ಹಾಕಿ ಕಳಿಸಿದರೆ ನೀವು ಮುಟ್ಟುತ್ತೀರೋ ಇಲ್ಲವೋ. ಅದಕ್ಕೇ ಪುಸ್ತಕವೊಂದನ್ನು ಹಾಕಿದ್ದೇನೆ. ಇದಕ್ಕೆ ಎಂಜಲಿಲ್ಲ.

ಕೇತಮ್ಮ

&nbsp;

ಸತ್ತೇಗಾಲ
೧೨-೧೦-೨೦೨೫

ಕೇತಮ್ಮನವರಿಗೆ,

ಊಟದ ಡಬ್ಬಿಯಲ್ಲಿ ಹಳೆಯ ಪುಸ್ತಕ ಹಾಕುವವರನ್ನು ಇದೇ ಮೊದಲು ನೋಡಿದ್ದು. ಡಬ್ಬಿಯನ್ನು ಹುಣಸೆಹಣ್ಣು ಹಾಕಿ ಎರಡು ಸಲ ತಿಕ್ಕಿಸಿದೆ. ಪುಸ್ತಕವನ್ನು ಅಟ್ಟದ ಮೇಲಿಟ್ಟಿದ್ದೇನೆ. ನನಗೆ ಕಾದಂಬರಿ ಓದುವಷ್ಟು ಬಿಡುವಿಲ್ಲ.

ಅದರ ಕೊನೆಯ ಹಾಳೆಗಳು ಹರಿದುಹೋಗಿವೆ. ಆ ಹೆಣ್ಣುಮಗಳು ಕೊನೆಗೆ ಮನೆಗೆ ವಾಪಸ್ ಬಂದಳೋ ಇಲ್ಲವೋ ಬರೆಯಿರಿ.

ನಾನು ಏನೆಂದಳು ಎಂದು ಕೇಳಿದ್ದೆ. ನೀವು ಡಬ್ಬಿ ಖಾಲಿಯಾಯಿತೆಂದು ಬರೆದಿರಿ. ಡಬ್ಬಿಯನ್ನು ನಾಯಿಯೂ ಖಾಲಿ ಮಾಡುತ್ತದೆ. ಇನ್ನೊಂದು ವಿಷಯ. ಆ ನರ್ಸಮ್ಮ ಯಾವಾಗಲೂ ಅವಳ ಕೈ ಹಿಡಿದುಕೊಂಡು ಕೂತಿರುತ್ತಾರೆಂದು ಮಾದಣ್ಣ ಹೇಳಿದ. ಯಾಕೆ? ಅವಳು ಚಿಕ್ಕವಳಿದ್ದಾಗಲೂ ನಾನು ಅಷ್ಟು ಮುದ್ದು ಮಾಡಿಲ್ಲ. ಮುದ್ದು ಮಾಡಿದರೆ ಮಕ್ಕಳು ಕೆಡುತ್ತಾರೆ. ಹನೂರಿನವರಿಗೆ ಬೇರೆ ಕೆಲಸವಿಲ್ಲದಿದ್ದರೆ ಮೊಮ್ಮಕ್ಕಳ ಕೈ ಹಿಡಿದುಕೊಳ್ಳಲಿ.

ಇದು ಆರನೆಯ ಡಬ್ಬಿ. ಜೊತೆಗೆ ಹೇರಳೆಕಾಯಿ ಉಪ್ಪಿನಕಾಯಿ ಇದೆ. ಬಸುರಿನಲ್ಲಿ ಅವಳಿಗೆ ಇದೇ ಬೇಕು. ಶೃತಿ ಹೊಟ್ಟೆಯಲ್ಲಿದ್ದಾಗ ಜಾಡಿಗಟ್ಟಲೆ ತಿಂದಿದ್ದಾಳೆ. ಇದು ನಿಮಗೆ ಗೊತ್ತಿರಲಾರದು.

ಪುಟ್ಟಮಲ್ಲಮ್ಮ

&nbsp;

ಕೊಳ್ಳೇಗಾಲ
೨೫-೧೦-೨೦೨೫

ಅಮ್ಮನವರಿಗೆ,

ಆ ಕಥೆಯ ಕೊನೆ ನನಗೂ ಗೊತ್ತಿಲ್ಲ. ನಮ್ಮ ಕೈಗೆ ಬಂದಾಗಲೇ ಹರಿದಿತ್ತು. ಬಂದಳು ಎಂದು ದೀಪಶ್ರೀ ಹೇಳುತ್ತಾಳೆ. ಬರಲಿಲ್ಲ ಎಂದು ಚೈತ್ರ ಜಗಳವಾಡುತ್ತಾಳೆ.

ಈ ಸಲ ಬೇರೆ ಪುಸ್ತಕ ಹಾಕಿದ್ದೇನೆ, ಬಸುರಿ ಬಾಣಂತಿಯರ ಆರೈಕೆಯದು. ದೀಪಶ್ರೀ ಓದಿ ಪೆನ್ಸಿಲಿನಲ್ಲಿ ಗುರುತು ಹಾಕಿದ್ದಾಳೆ. ನಾನು ಅವಳಿಗೊಂದು ಮಾತು ಕೊಟ್ಟಿದ್ದೇನೆ, ಆದ್ದರಿಂದ ಹೆಚ್ಚು ಬರೆಯಲಾರೆ. ಅರವತ್ತೆರಡನೆಯ ಪುಟ ನೋಡಿ. ಅಟ್ಟದ ಮೇಲಿಡಬೇಡಿ.

ಕೇತಮ್ಮ

&nbsp;

ಸತ್ತೇಗಾಲ
೨೮-೧೦-೨೦೨೫, ಬೆಳಿಗ್ಗೆ

ಕೇತಮ್ಮನವರೇ,

ಅರವತ್ತೆರಡನೆಯ ಪುಟ ನೋಡಿದೆ. ಬಸುರಿನಲ್ಲಿ ಬಿ.ಪಿ. ಏರಿದರೆ ತಾಯಿಗೂ ಮಗುವಿಗೂ ಅಪಾಯ, ವಯಸ್ಸಾದವರಲ್ಲಿ ಇನ್ನೂ ಹೆಚ್ಚು, ಉಪ್ಪು ಮುಟ್ಟಿಸಬಾರದು ಎಂದಿದೆ. ಅದರ ಪಕ್ಕದಲ್ಲಿ ಅವಳು ಬರೆದಿದ್ದಾಳೆ: '೧೫೦/೧೦೦. ಅವ್ವನಿಗೆ ಹೇಳಬಾರದು.'

ಆ ಅಕ್ಷರವನ್ನು ಸ್ಲೇಟಿನ ಮೇಲೆ ಕೈ ಹಿಡಿದು ತಿದ್ದಿಸಿದವಳು ನಾನು.

ಏಳು ಡಬ್ಬಿ ಉಪ್ಸಾರು ಕಳಿಸಿದ್ದೇನೆ. ಉಪ್ಪಿನಕಾಯಿ ಕಳಿಸಿದ್ದೇನೆ. ಅವಳು ಉಂಡಳೇ? ಮಾದಣ್ಣ ಅಂಗಡಿಯ ಮುಂದೆ ಕಾಯುತ್ತಾನೆ. ಉತ್ತರವಿಲ್ಲದೆ ಅವನನ್ನು ಕಳಿಸಬೇಡಿ.

ಪು.

&nbsp;

ಕೊಳ್ಳೇಗಾಲ
೨೮-೧೦-೨೦೨೫, ಮಧ್ಯಾಹ್ನ

ಅಮ್ಮ,

ಉಣ್ಣಲಿಲ್ಲ. ಅದನ್ನು ಮೊದಲು ತಿಳಿಯಿರಿ, ಉಳಿದದ್ದು ಆಮೇಲೆ.

ಆಗಸ್ಟಿನಲ್ಲೇ ಬಿ.ಪಿ. ಏರಿತ್ತು. ಡಾಕ್ಟರು ಮಾತ್ರೆ ಕೊಟ್ಟು, ಉಪ್ಪು ಬಿಡಿಸಿದ್ದಾರೆ. ಲಕ್ಷ್ಮಿದೇವಮ್ಮ ಕೈ ಹಿಡಿದು ಕೂರುವುದು ದಿನಾ ಬಿ.ಪಿ. ನೋಡಲು. ನನ್ನ ಉಪ್ಸಾರು ಚಪ್ಪೆಯಾಗಿರುವುದೂ ಅದಕ್ಕೇ. ಹುಣಸೆ, ಮೆಣಸು, ಬೆಟ್ಟದ ಸೊಪ್ಪು ಹಾಕಿ ಹೇಗೋ ಒಂದು ರುಚಿ ತರುತ್ತೇನೆ.

ನಿಮ್ಮ ಮೊದಲ ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಅವಳು "ಅವ್ವ" ಎಂದಳು. ನಾನು ಹೇಳಲಿಲ್ಲ, ಸುಟ್ಟ ಬೆಳ್ಳುಳ್ಳಿ ಹೇಳಿತು. ಲಕ್ಷ್ಮಿದೇವಮ್ಮ ಡಬ್ಬಿ ಕಿತ್ತುಕೊಂಡರು. ಅವಳು ಮುಚ್ಚಳವನ್ನಷ್ಟೇ ಮಡಿಲಲ್ಲಿಟ್ಟುಕೊಂಡು, ನನ್ನ ಚಪ್ಪೆ ಸಾರಿನಲ್ಲಿ ಮುದ್ದೆ ಮುರಿದಳು. ಪ್ರತಿ ವಾರವೂ ಹಾಗೆಯೇ. ನಿಮ್ಮ ಸಾರು ಉಂಡವರು ನಾನು, ಚೈತ್ರ. ಬೇಕಿದ್ದರೆ ಬೈಯಿರಿ.

"ಅವ್ವಂಗೆ ಏಳ್ಬೇಡಿ ಅಕ್ಕ. ನಾ ಏಳಿರ್ನಿಲ್ವಾ ಅಂತಾಳೆ. ಆ ಮಾತು ಇನ್ನೊಂದ್ಸಲ ಕೇಳಾಕೆ ನನ್ ಕೈಲಾಗಕಿಲ್ಲ" ಎಂದು ಆಣೆ ಹಾಕಿಸಿಕೊಂಡಿದ್ದಳು. ನೀವು ಮೊದಲು ಏನು ಹೇಳಿದ್ದಿರೋ ನಾನು ಕೇಳಿಲ್ಲ.

ನನಗೆ ಮಕ್ಕಳಿಲ್ಲ. ನಾಲ್ಕು ತಿಂಗಳಿಂದ ಅವಳಿಗೆ ಅಡುಗೆ ಮಾಡುತ್ತಿದ್ದೇನೆ. ಒಂದು ದಿನವೂ 'ಚೆನ್ನಾಗಿದೆ' ಎಂದಿಲ್ಲ. ಒಂದು ಮುಚ್ಚಳಕ್ಕೆ ಅತ್ತಳು. ಹೊಟ್ಟೆಕಿಚ್ಚು ನಿಮಗೊಬ್ಬರಿಗೇ ಎಂದು ತಿಳಿಯಬೇಡಿ.

ನವೆಂಬರ್ ೨೮ರ ಶುಕ್ರವಾರ, ಒಂಬತ್ತನೇ ತಿಂಗಳಿನಲ್ಲಿ, ಅಂಗಡಿಯಲ್ಲೇ ಮಡಿಲಕ್ಕಿ ಹಾಕೋಣ ಎಂದುಕೊಂಡಿದ್ದೇವೆ. ನೀವು ಬನ್ನಿ.

ಕೇತಮ್ಮ

&nbsp;

ಸತ್ತೇಗಾಲ
೯-೧೧-೨೦೨೫

ಕೇತಮ್ಮನವರಿಗೆ,

ನನಗೆ ಹೊಟ್ಟೆಕಿಚ್ಚು ಎಂದು ನಿಮಗೆ ಯಾರು ಹೇಳಿದರು?

ಅವಳು ಉಣ್ಣಲಿಲ್ಲ ಎಂದು ತಿಳಿದು ನೆಮ್ಮದಿಯಾಯಿತು. ಬಿ.ಪಿ. ಎಷ್ಟಿದೆಯೆಂದು ದಿನಾ ಒಂದು ಚೀಟಿಯಲ್ಲಿ ಬರೆದಿಟ್ಟು ವಾರಕ್ಕೊಮ್ಮೆ ಮಾದಣ್ಣನ ಕೈಗೆ ಕೊಡಿ.

ಮಡಿಲಕ್ಕಿಗೆ ನಾನು ಬರುವುದಿಲ್ಲ. ಅಕ್ಕಿ, ಬೆಲ್ಲ, ಕೊಬ್ಬರಿ ಮಡಿಲಿಗೆ ಹಾಕುವುದು ಮುತ್ತೈದೆಯರ ಕೆಲಸ. ಗಂಡ ತೀರಿದವಳು ಆ ಹೊತ್ತಿನಲ್ಲಿ ಮುಂದೆ ನಿಲ್ಲಬಾರದು. ನಿಮಗೂ ಯಜಮಾನರಿಲ್ಲ ಎಂದು ನೀವೇ ಬರೆದಿದ್ದೀರಿ. ಯಾವ ಧೈರ್ಯದ ಮೇಲೆ ನನ್ನ ಮಗಳ ಮಡಿಲಿಗೆ ಕೈ ಹಾಕುತ್ತೀರಿ? ಹೆತ್ತವಳಿಗೇ ಇಲ್ಲದ ಅಧಿಕಾರ ನಿಮಗೆಲ್ಲಿಂದ ಬಂತು?

ನಿಮ್ಮ ಕಡೆ ನಡೆಯುತ್ತದೆ ಎನ್ನುವುದಾದರೆ ಹಾಕಿ. ಅವಳು ಯಾವ ಸೀರೆ ಉಟ್ಟಿದ್ದಳು, ಹೇಗೆ ಕಂಡಳು ಎಂದು ಮಾತ್ರ ನನಗೆ ಬರೆಯಬೇಡಿ.

ಪುಟ್ಟಮಲ್ಲಮ್ಮ

&nbsp;

ಕೊಳ್ಳೇಗಾಲ
೧೬-೧೧-೨೦೨೫

ಅಮ್ಮ,

ಯಾವ ಸೀರೆ ಎಂದು ಬರೆಯುವ ಕಷ್ಟ ನನಗಿಲ್ಲ. ಅವಳು ಕೂರುವುದಿಲ್ಲ ಎಂದುಬಿಟ್ಟಳು.

ನಿಮ್ಮ ಕಾಗದ ಅವಳಿಗೆ ತೋರಿಸಲಿಲ್ಲ. ಅವ್ವ ಬರುವುದಿಲ್ಲವಂತೆ ಎಂದಷ್ಟೇ ಹೇಳಿದೆ. ಅದಕ್ಕೆ ಅವಳು ಕಾರಣ ಹೇಳಿದಳು. ಅವಳ ಮಾತನ್ನೇ ಬರೆಯುತ್ತೇನೆ.

"ಶೃತಿ ಒಟ್ಟೇಲಿದ್ದಾಗ ಅಪ್ಪ ತೀರ್ಕಂಡು ನಾಕು ತಿಂಗ್ಳಾಗಿತ್ತು ಅಕ್ಕ. ಸೋದರತ್ತೆ ಮಡ್ಲಕ್ಕಿ ಆಕುದ್ರು. ಅವ್ವ ಅಡ್ಗೆಮನೆ ಬಾಗ್ಲು ಪರದೆ ಇಂದೆ ನಿಂತಿದ್ಲು. ನಂಗೆ ಪರದೆ ಕೆಳಗೆ ಅವ್ವನ ಕಾಲ್ಬೆಳ್ಳು ಮಾತ್ರ ಕಾಣ್ತಿತ್ತು. ಕಾಲುಂಗ್ರ ತೆಗ್ದ ಜಾಗ ಬೆಳ್ಳಗಿತ್ತು. ಒಬ್ಬೊಬ್ರೂ ಅಕ್ಕಿ ಆಕ್ದಾಗ್ಲೂ ಆ ಬೆಳ್ಳು ಮಡ್ಚ್‌ಕತಿತ್ತು. ನಾ ಆರತಿ ನೋಡ್ನಿಲ್ಲ, ಅದ್ನೇ ನೋಡ್ತಿದ್ದೆ. ಇನ್ನೊಂದ್ಸಲ ಅಂಗೆ ಕೂರಕಿಲ್ಲ. ಅವ್ವ ಆಕುದ್ರೆ ಆಯ್ತು, ಇಲ್ದಿದ್ರೆ ಮಡ್ಲು ಬರಿದೇ ಇರ್ಲಿ."

ಈ ವಾರದ ಬಿ.ಪಿ. ಚೀಟಿ ಇದರೊಳಗಿದೆ. ಗುರುವಾರದ್ದು ಚೆನ್ನಾಗಿಲ್ಲ.

ಕೇತಮ್ಮ

&nbsp;

ಸತ್ತೇಗಾಲ
೨೨-೧೧-೨೦೨೫

ಕೇತಮ್ಮನವರಿಗೆ,

ಆ ಪರದೆಯನ್ನು ನಾನೇ ಹೊಲಿದದ್ದು. ನೆಲ ಮುಟ್ಟುತ್ತದೆ ಎಂದುಕೊಂಡಿದ್ದೆ. ಇಪ್ಪತ್ತು ವರ್ಷ ಹಾಗೆಯೇ ಅಂದುಕೊಂಡಿದ್ದೆ.

ನೀವು ಕೇಳದೆ ಬಿಟ್ಟದ್ದನ್ನು ನಾನೇ ಹೇಳುತ್ತೇನೆ. ಜೂನಿನಲ್ಲಿ ಅವಳು ಫೋನ್ ಮಾಡಿ ವಿಷಯ ಹೇಳಿದಾಗ, "ಮಗ್ಳಿಗೆ ಗಂಡು ನೋಡೋ ಕಾಲ್ದಲ್ಲಿ ನಿಂಗ್ಯಾಕವ್ವ ಇದು, ತೆಗೆಸ್ಬುಡು" ಎಂದೆ. ಅವಳು ಫೋನ್ ಇಟ್ಟಳು. ಮತ್ತೆ ಮಾಡಲಿಲ್ಲ, ನಾನೂ ಮಾಡಲಿಲ್ಲ. ಗೌರಿ ಹಬ್ಬದಲ್ಲಿ ಸೂತಕವಿರಲಿಲ್ಲ. ಬಾಗಿನದ ಮೊರ ಕಟ್ಟಿ ಮೂರು ದಿನ ದೇವರ ಮುಂದಿಟ್ಟಿದ್ದೆ. ಅವಳೇ ಬಂದು ಕೇಳಲಿ ಎಂದಿದ್ದೆ. ಅಷ್ಟರಲ್ಲಾಗಲೇ ಅವಳು ನಿಮ್ಮ ಸ್ಟೂಲಿನ ಮೇಲೆ ಕೂತು ನಗುತ್ತಿದ್ದಳು. ಅದು ನನಗೆ ಉರಿಯಿತು. ಈಗಲೂ ಉರಿಯುತ್ತದೆ. ಸುಳ್ಳೇಕೆ?

ಶುಕ್ರವಾರ ಎಂಟು ಗಂಟೆಯ ಬಸ್ಸಿಗೆ ಬರುತ್ತೇನೆ. ಮಣೆ, ಸೀರೆ, ಅಕ್ಕಿ, ಬೆಲ್ಲ, ಕೊಬ್ಬರಿ ಎಲ್ಲ ನಾನೇ ತರುತ್ತೇನೆ. ನೀವು ಏನೂ ಕೊಳ್ಳಬೇಡಿ. ನಮ್ಮ ನಾದಿನಿ, "ಅತ್ತಿಗೆ, ನೀವ್ ಆಕುದ್ರೆ ಜನ ಏನಂದಾರು?" ಎಂದಳು. ಜನ ಅಂದದ್ದನ್ನು ನಾನೂ ಬಹಳ ಅಂದಿದ್ದೇನೆ, ಈಗ ಅನ್ನಿಸಿಕೊಳ್ಳುತ್ತೇನೆ ಎಂದೆ.

ಮೊದಲ ಹಿಡಿ ನನ್ನದು. ಎರಡನೆಯದು ನಿಮ್ಮದು. ಮೂರನೆಯದು ನರ್ಸಮ್ಮನವರದು. ಇದರಲ್ಲಿ ಬದಲಾವಣೆ ಇಲ್ಲ. ಅಂಗಡಿಯಲ್ಲಿ ಪರದೆ ಗಿರದೆ ಏನಾದರೂ ಇದ್ದರೆ ತೆಗೆದಿಡಿ.

ಆಮೇಲೆ ಅವಳು ನನ್ನ ಜೊತೆ ಬರುತ್ತಾಳೋ ಇಲ್ಲವೋ ಅವಳನ್ನೇ ಕೇಳುತ್ತೇನೆ. ನೀವು ಮುಂಚೆಯೇ ಹೇಳಿಕೊಡಬೇಡಿ.

ಪುಟ್ಟಮಲ್ಲಮ್ಮ

&nbsp;

ಸತ್ತೇಗಾಲ
೪-೧-೨೦೨೬

ತಂಗಿ ಕೇತಮ್ಮನಿಗೆ,

ಮಗುವಿಗೆ ಇಂದಿಗೆ ಇಪ್ಪತ್ತಾರು ದಿನ. ಆಸ್ಪತ್ರೆಯಲ್ಲಿ ನೀನು ನೋಡಿದಾಗ ಎರಡು ಕೇಜಿ ಚಿಲ್ಲರೆ ಇತ್ತು. ಈಗ ಕೆನ್ನೆ ತುಂಬಿದೆ. ಮೂಗು ನಮ್ಮ ಯಜಮಾನರದು. ಶೃತಿ ಮೊನ್ನೆ ರಜೆಗೆ ಬಂದಳು. ಮೊದಲ ದಿನ ದೂರದಲ್ಲೇ ಕೂತಿದ್ದಳು. ಎರಡನೆಯ ದಿನ, ನೀನು ವಾಪಸ್ ಕೊಟ್ಟ ಅಕ್ಷರಮಾಲೆಯ ಪುಸ್ತಕ ತೆಗೆದು, ಒಳಗೆ ತನ್ನ ಹೆಸರಿದ್ದ ಕಡೆ ಕೆಳಗೊಂದು ಗೆರೆ ಎಳೆದು ಜಾಗ ಬಿಟ್ಟಳು. ಹೆಸರಿಟ್ಟ ಮೇಲೆ ಬರೆಯುತ್ತಾಳಂತೆ. ಈಗ ಮಗುವನ್ನು ಕೆಳಗಿಡಲು ಬಿಡುವುದಿಲ್ಲ.

ಆ ದಿನ ಮಡಿಲು ತುಂಬಿಸಿಕೊಂಡು, ಬಾಣಂತನಕ್ಕೆ ನನ್ನ ಮನೆಗೇ ಬಂದ ದೀಪಶ್ರೀಗೆ ಬಿ.ಪಿ. ಇನ್ನೂ ಪೂರ್ತಿ ಇಳಿದಿಲ್ಲ. ಇನ್ನೊಂದು ತಿಂಗಳು ಉಪ್ಪು ಕಡಿಮೆ ಇರಲಿ ಎಂದಿದ್ದಾರೆ ಡಾಕ್ಟರು. ಬಾಣಂತಿಗೆ ಮೆಣಸಿನ ಸಾರು ಮಾಡಿದೆ. ಉಪ್ಪಿಲ್ಲದೆ ನನ್ನ ಕೈ ಓಡುವುದಿಲ್ಲ. ಒಂದು ಸಲ ಕಹಿಯಾಯಿತು, ಒಂದು ಸಲ ನೀರಾಯಿತು. ಮೂರನೆಯ ಸಲ ಬೆಳ್ಳುಳ್ಳಿ ಸುಟ್ಟು ಹಾಕಿ, ಚೆನ್ನಾಗಿದೆ ಎಂದುಕೊಂಡು ಬಡಿಸಿದೆ. ಒಂದು ತುತ್ತು ಬಾಯಿಗಿಟ್ಟುಕೊಂಡು ನನ್ನ ಮುಖ ನೋಡಿದಳು.

"ಕೇತಮ್ಮಕ್ಕ ಹಿಂಗೆ ಮಾಡಕಿಲ್ಲ ಕಣವ್ವ" ಎಂದಳು.

ಸೌಟು ಎಸೆಯುವಷ್ಟು ಸಿಟ್ಟು ಬಂತು. ಶೃತಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಇವಳೂ ನಕ್ಕಳು. ಮಾದಣ್ಣ ಅಂದು ಬಂದು ಹೇಳಿದ ನಗು ಇದೇ ಇರಬೇಕು. ನನ್ನ ಮನೆಯಲ್ಲಿ ಕೇಳಿದೆ, ಆದರೆ ನಿನ್ನ ಹೆಸರಿನ ಮೇಲೆ ಕೇಳಿದೆ.

ಸೋಮವಾರ ಅಂಗಡಿಗೆ ಬೀಗ ಹಾಕಿ ಹತ್ತು ಗಂಟೆಯ ಬಸ್ಸಿಗೆ ಬಾ. ನನ್ನ ಒಲೆಯ ಮೇಲೆ ನೀನೇ ಸಾರಿಡು. ನಾನು ಪಕ್ಕದಲ್ಲೇ ನಿಂತು, ಹುಣಸೆ ಎಷ್ಟು, ಮೆಣಸು ಎಷ್ಟು ಎಂದು ನೋಡಿಕೊಳ್ಳುತ್ತೇನೆ. ಒಂದೇ ಸಲ ತೋರಿಸಿದರೆ ಸಾಕು, ನಾನು ಕಲಿಯುತ್ತೇನೆ.

ನನ್ನ ಡಬ್ಬಿ ನಿನ್ನ ಹತ್ತಿರವೇ ಉಳಿದಿದೆ. ಬರಿದಾಗಿ ತರಬೇಡ. ಈ ಸಲ ಪುಸ್ತಕ ಬೇಡ, ನಿನ್ನ ಮನೆಯಲ್ಲಿ ಮಾಡಿದ್ದೇನಾದರೂ ಹಾಕಿಕೊಂಡು ಬಾ. ನಾನು ಉಣ್ಣದೆ ಕಾಯುತ್ತಿರುತ್ತೇನೆ.

ಪುಟ್ಟಮಲ್ಲಮ್ಮ